ಪಾಳಿ ಯಾರದು

ಗಂಟಿ ಹಗ್ಗ ಒಂದ. ಗೂಟಾನೂ ಒಂದ.
ಗೂಟದ ಮ್ಯಾಲ ನಿಲುವಂಗಿ ಮಾತ್ರ ಎರಡು.
ಒಗಿಯಾಕಿ ನಾನು, ರಾಹೇಲವ್ವ,
ಬೆಟಗೇರಿ ಸಭಾದ ಕಸಾ ಹೊಡಿಯಾಕಿ, ಗಂಟಿ ಬಾರಿಸಾಕಿ.
ಉದ್ದಂದು ಸ್ವಾಮಿದಾಸ ಅಯ್ನೋರದು,
ತೋಳಿಗೆ ಕೆಮ್ಮಿನ ಔಷಧದ ಕಲಿ.
ಗಿಡ್ಡಂದು ಹನೋಕ ಅಯ್ನೋರದು,
ಕೆಳಗಿನ ಅಂಚಿಗೆ ಸೈಕಲ್ ಚೈನಿನ ಎಣ್ಣಿ.
ಎರಡೂ ಒಂದ ಬಕೀಟಿನ್ಯಾಗ ನೆನೀತಾವ,
ಒಂದ ನೀಲ್ಯಾಗ ಅದ್ದಿ ತಗೀತೀನಿ.
ಒಣಗಿದ ಮ್ಯಾಲ ಯಾವ್ದು ಯಾರದಂತ
ಕಲಿ ನೋಡೇ ಹೇಳಬೇಕು.

ಮಂದಿಗೆ ಬಟ್ಟಿಗಿಂತ ಮೊದಲ ಕಲಿ ಕಾಣತಾವ.
ಕಿಟಕಿ ಕಡೆ ಕುಂದರವರು ಒಂದು ಪಂಗಡ,
ಬಾವಿ ಕಡೆ ಕುಂದರವರು ಇನ್ನೊಂದು.
"ದೊಡ್ಡ ಅಯ್ನೋರ ಬೋಧನಿ ಮಗ್ಗದ ಕುಣಿ ಇದ್ದಂಗ,
ಇಳದ್ರ ಮ್ಯಾಲ ಬರಾಕ ತಾಸು ಬೇಕು."
"ಸಣ್ಣ ಅಯ್ನೋರದು ಬರೇ ಫಳಫಳ,
ಒಂದ ನೀರಿಗೆ ಬಣ್ಣ ಬಿಡತೈತಿ."
ನೇಕಾರ ಮಂದಿ. ಮಾತಿಗೂ ಬಣ್ಣಾ ಹಾಕೇ ಮಾರತಾರ.

ಶನಿವಾರ ಸಂಜಿಮುಂದ ನಮ್ಮ ಬಾಗಲಕ್ಕ ಬರತಿದ್ರು,
ಸೂಜಿ ಕೇಳಾಕ ಬಂದಂಗ, ಹೆಪ್ಪು ಕೇಳಾಕ ಬಂದಂಗ.
"ರಾಹೇಲವ್ವ, ನಾಳೆ ಪಾಳಿ ಯಾರದು?"
ನಾ ಬಾಯಿ ಬಿಡದಿದ್ರೂ
ಗಂಜಿ ಹಾಕಿದ್ದು ಯಾವ್ದಂತ ಹಗ್ಗದ ಮ್ಯಾಲ ಕಣ್ಣಾಡಿಸಿ
ತಿಳಕೊಂಡು ಹೋಗತಿದ್ರು.
ತಮ್ಮವರಿದ್ರ ಬರತಿದ್ರು. ಇಲ್ಲಾಂದ್ರ
ಯಾರದೋ ಮದವಿ, ಯಾರಿಗೋ ಹೊಟ್ಟಿಬ್ಯಾನಿ.
ಒಂದು ವಾರ ಬಲಗಡೆ ಬಾಕು ಖಾಲಿ, ಒಂದು ವಾರ ಎಡಗಡೆ.
ಅರ್ಧ ಸಭಾದ ಕೀರ್ತನಿ ಹೆಂಗ ಕೇಳಸತೈತಿ, ಗೊತ್ತೇನು?
ಒಂದ ರೆಕ್ಕಿ ಪಾರಿವಾಳ ತೊಲಿಗೆ ಬಡಕೊಂಡಂಗ.

ಒಂದು ಶನಿವಾರ ಎರಡಕ್ಕೂ ಗಂಜಿ ಹಾಕಿದೆ.
ಎರಡಕ್ಕೂ ಇಸ್ತ್ರಿ. ಬಂದವರಿಗೆಲ್ಲ
"ನಂಗ ಗೊತ್ತಿಲ್ರಿ" ಅಂದೆ.
ಅರವತ್ತೆರಡು ವರ್ಷದಾಕಿ, ದೀಕ್ಷಾಸ್ನಾನ ಆದಾಕಿ,
ಸುಳ್ಳು ಹೇಳಿದೆ.
ಐತ್ವಾರ ಎರಡೂ ಕಡೆ ತುಂಬಿತ್ತು.

ಆಮ್ಯಾಲ ಇಬ್ಬರ ಮುಂದೂ ಒಪ್ಪಿಕೊಂಡೆ.
ಸ್ವಾಮಿದಾಸ ಅಯ್ನೋರು ಕೆಮ್ಮಿದ್ರು.
ಅವರು ನಕ್ಕರೂ ಹಂಗ ಕೇಳಸತೈತಿ.
ಹನೋಕ ಅಯ್ನೋರು ಸೈಕಲ್ ಕೀಲಿಕೈ ಬೆರಳಿಗೆ ಸುತ್ತಿ
"ಸುಳ್ಳು ಬ್ಯಾಡಬೇ ಯವ್ವ,
ನಮಗೂ ಗೊತ್ತಿರದಂಗ ಮಾಡೂಣು" ಅಂದ್ರು.
ಅವತ್ತಿಂದ ಇಬ್ಬರೂ ತೊಡತಾರ, ಇಬ್ಬರೂ ಕುಂದರತಾರ,
ಮೂರನೇ ಕೀರ್ತನಿ ಮುಗಿಯೂತನಕ
ಯಾರು ಏಳತಾರ ಯಾರಿಗೂ ತಿಳಿಯಂಗಿಲ್ಲ.
ಇಬ್ಬರೂ ಬರಕೊಂಡ ಬಂದಿರತಾರ, ಒಬ್ಬರದು ಕಿಸೆದಾಗ ಉಳಿತೈತಿ.
ಒಗಿಯೂ ಮುಂದ ತಡವಿ ತಗೀತೀನಿ ಆ ಹಾಳಿ.
ನಂಗ ಓದಾಕ ಬರಂಗಿಲ್ಲ.
ಹೇಳದ ಬೋಧನಿ ನನ್ನ ಟ್ರಂಕಿನ್ಯಾಗ ಒಟ್ಟ್ಯಾವ,
ಯಾವ್ದು ಯಾರದೋ.

ಜಗಳಿಲ್ಲಂತಲ್ಲ.
ಸಭಾ ಬಿಟ್ಟು ಹೋಗಿದ್ದ ಎಲೀಸನ ಮಣ್ಣಿನ ಸಲುವಾಗಿ
ಒಳಕೋಣ್ಯಾಗ ದನಿ ಎಷ್ಟು ಏರಿತಂದ್ರ
ಗಂಟಿ ಗೂಡಿನ ಪಾರಿವಾಳ ಎದ್ದು ಹೋದ್ವು.
ಹೊರಗ ಬಂದ್ರು. ಸೈಕಲ್ ಹತ್ತಿದ್ರು ಹನೋಕ ಅಯ್ನೋರು,
ಹಿಂದಿನ ಕ್ಯಾರಿಯರಿಗೆ ಸ್ವಾಮಿದಾಸ ಅಯ್ನೋರು, ಮಡಲಾಗ ಕರೇ ಚೀಲ.
ಎಲೀಸನ ತಾಯಿ ಮನಿಗೆ ಹೊಂಟಿದ್ರು.
ಮಾತಿಲ್ಲ. ನಡಕ ಜಗಳಾನೂ ಕುಂತಿತ್ತು.

ಖಜಾನಚಿ ಯೋಬಪ್ಪ ಕಾಗದ ತಂದಿದ್ದ:
ಒಬ್ಬರು ಸಾಕು, ಒಬ್ಬರನ್ನ ಹುಬ್ಬಳ್ಳಿಗೆ ಕಳಸರಿ.
"ಹೆಬ್ಬಟ್ಟು ಒತ್ತಬೇ." ಒಡ್ಡಿದೆ.
ಗೆರಿ ಕಾಣವಲ್ಲವು, ಬರೇ ನೀಲಿ.
"ತೊಳಕೊಂಡು ಬಾ."
"ಇಪ್ಪತ್ತು ವರ್ಷದ್ದಪಾ, ಹೋಗಂಗಿಲ್ಲ."

ನಿನ್ನೆ ಗೂಟ ಕಿತ್ತು ಬಿತ್ತು, ಭಾರಕ್ಕ.
ಬಡಿಗ್ಯಾರ ಮೌನೇಶ ಬಂದ,
"ಎರಡು ಹೊಡದ ಬಿಡ್ತೀನಿ, ತಂಟೇನ ಬ್ಯಾಡ."
"ಒಂದ ಹೊಡಿ," ಅಂದೆ, "ಆಳಕ್ಕ ಹೊಡಿ."
ಹೊಡದ. ಗ್ವಾಡಿ ಸುಣ್ಣ ಪುಡಿಪುಡಿಯಾಗಿ
ಎರಡೂ ನಿಲುವಂಗಿ ಮ್ಯಾಲ ಬಿತ್ತು.
ಮತ್ತ ಒಗಿಯೂದಾತು.