ಅರ್ಧ ಮಿಲಿಮೀಟರ್

ಸಂಪಾಲೊಕ್ ಅಂದರೆ ನಮ್ಮ ಮಾತಿನಲ್ಲಿ ಹುಣಸೆ.
ಮನಿಲಾದ ಈ ಪೇಟೆಯಲ್ಲಿ ಹುಡುಕಿದರೂ ಒಂದು ಹುಣಸೆಮರ ಇಲ್ಲ.
ಜೆರಾಕ್ಸ್ ಅಂಗಡಿಗಳಿವೆ, ಬಾಡಿಗೆ ಮಂಚಗಳಿವೆ,
ಮತ್ತು ಹಲ್ಲಿಲ್ಲದವರನ್ನು ಹುಡುಕಿಕೊಂಡು ಅಲೆಯುವ
ಬಿಳಿ ಸಮವಸ್ತ್ರದ ನಾವು.

ಕಡಲೆ ಇದ್ದಾಗ ಹಲ್ಲಿಲ್ಲವೆಂದು ಜನ ಕೊರಗುತ್ತಾರೆ.
ನನ್ನ ಕೊರಗು ಬೇರೆ:
ಕಾರ್ಡಿನಲ್ಲಿ ಹದಿನೆಂಟು ಫಿಲ್ಲಿಂಗಿಗೆ ಸಹಿ ಬಿದ್ದಿದೆ,
ಹನ್ನೆರಡು ಹಲ್ಲು ಕಿತ್ತದ್ದಕ್ಕೆ, ಮೂರು ರೂಟ್ ಕೆನಾಲಿಗೆ.
ಖಾಲಿ ಉಳಿದದ್ದು ಒಂದೇ ಚೌಕ:
ಪೂರ್ತಿ ಹಲ್ಲುಸೆಟ್ಟು, ಮೇಲೆ ಕೆಳಗೆ, ಒಂದು.
ಅದಕ್ಕೊಂದು ಬೊಚ್ಚುಬಾಯಿ ಬೇಕು,
ಸೆಮಿಸ್ಟರ್ ಮುಗಿಯುವುದರೊಳಗೆ.

ಸಿಕ್ಕಿದ್ದು ರಾತ್ರಿ ಹನ್ನೊಂದಕ್ಕೆ, ಕಿವಿಗೆ.
ಮೂರನೇ ಮಹಡಿಗೆ ಏರಿ ಬಂದ ಕೂಗು: ಬಲೂ...
ಅಷ್ಟೇ. ಬಾಲವಿಲ್ಲ.
ಬಲೂತ್ ಅನ್ನಬೇಕು; ಒಳಗೆ ಮರಿ ಮೂಡಿದ
ಬಾತುಮೊಟ್ಟೆ, ಬೇಯಿಸಿದ್ದು, ಜೊತೆಗೆ ಉಪ್ಪಿನ ಪೊಟ್ಟಣ.
ತ್ ಅನ್ನಲು ನಾಲಿಗೆಗೊಂದು ಗೋಡೆ ಬೇಕು.
ಗೋಡೆ ಬಿದ್ದ ಮನೆಯವನೇ ಈತ ಎಂದು
ಪುಸ್ತಕ ಮುಚ್ಚಿ, ಚಪ್ಪಲಿ ಹುಡುಕದೆ ಇಳಿದೆ.

ಮಾಂಗ್ ಪೊನ್ಸೊ. ಅರವತ್ತೆಂಟು.
ಬುಟ್ಟಿಯ ಬಿಸಿ ಆರದಂತೆ ಹೊದಿಸಿದ ಹಳೇ ಟವೆಲು.
'ಒಂದು ಸಲ ಬಾಯಿ ತೆರೆಯಿರಿ' ಎಂದೆ, ಬೀದಿದೀಪದ ಕೆಳಗೆ,
ಮೊಟ್ಟೆ ಕೊಳ್ಳುವ ಮೊದಲೇ.
ಅವರು ನಕ್ಕರು. ನೋಡಿದೆ. ಸ್ವರ್ಗ!
ಎರಡು ದಿಣ್ಣೆ, ಒಂದು ಬೇರೂ ಉಳಿದಿಲ್ಲ,
ದುಂಡಗೆ, ಹದವಾಗಿ, ಪರೀಕ್ಷೆಗೆಂದೇ ತಿದ್ದಿದಂತೆ.
ಇನ್ನೊಬ್ಬರ ನಷ್ಟ ಕಂಡು ಹಿಗ್ಗುವ ವಿದ್ಯೆಯನ್ನು
ಯಾವ ವರ್ಷ ಕಲಿತೆನೋ.

ಒಪ್ಪಂದ: ಜೀಪ್ನಿ ಚಾರ್ಜು ನನ್ನದು, ಮಧ್ಯಾಹ್ನದ ಊಟ ನನ್ನದು,
ಹಲ್ಲು ಅವರದು.
ಎರಡನೇ ವಾರ ಡೆಲ್ಫಿನ್ ಅವರ ಕಿವಿಗೆ ಬಾಗಿದ:
ಇನ್ನೂರು ಪೆಸೊ ಜಾಸ್ತಿ, ನನ್ನ ಕುರ್ಚಿಗೆ ಬನ್ನಿ.
ನಾನು ಸಾಲದಲ್ಲಿದ್ದೆ. ನೆಲ ನೋಡಿದೆ.
ಮಾಂಗ್ ಪೊನ್ಸೊ ಅವನಿಗೊಂದು ಮೊಟ್ಟೆ ಮಾರಿ,
ಚಿಲ್ಲರೆ ಎಣಿಸಿ ಕೊಟ್ಟು,
ನನ್ನ ಕುರ್ಚಿಗೇ ಬಂದು ಕೂತರು.

ಅಚ್ಚು ತೆಗೆಯುವ ದಿನ ಗುಲಾಬಿ ಹಿಟ್ಟು ಗಂಟಲಿಗೆ ಜಾರಿ
ಓಕರಿಸುತ್ತ ನನ್ನ ಮಣಿಕಟ್ಟು ಹಿಡಿದರು.
'ಮೂಗಿನಲ್ಲಿ ಉಸಿರಾಡಿ, ಮಾಂಗ್, ಕಾಲ್ಬೆರಳು ಆಡಿಸಿ.'
ಆಡಿದವು ಹತ್ತೂ, ಬೀದಿ ತುಳಿದು ಅಗಲವಾದವು,
ಒಂದರ ಉಗುರು ಕಪ್ಪು.
ದಿಣ್ಣೆಗಳ ಆಚೆ ಕಾಲೂ ಇದೆಯೆಂದು
ನಾನು ನೋಡಿದ್ದು ಆವತ್ತು.

ಮೇಣದಲ್ಲಿ ಹಲ್ಲು ಜೋಡಿಸಿದೆ, ಮೂರು ರಾತ್ರಿ.
ಡಾಕ್ಟರ್ ಕಟಿಗ್ಬಾಕ್ ಕನ್ನಡಕವನ್ನು ಹಣೆಗೇರಿಸಿ
'ಕೀಳು, ಮಿಸ್ ಲಕ್ಸಮಾನಾ, ಮತ್ತೆ ಕೂಡಿಸು' ಎಂದರು,
ಎರಡು ಸಲ.
ಮೂರನೇ ಸಲ ಏನೂ ಅನ್ನಲಿಲ್ಲ.
ಇಲ್ಲಿ ಮೌನಕ್ಕೇ ಹೆಚ್ಚು ಅಂಕ.

ಹಲ್ಲು ತೊಡಿಸಿ ಕನ್ನಡಿ ಕೊಟ್ಟೆ.
ಅವರು ನೋಡಿಕೊಳ್ಳಲಿಲ್ಲ. ಗಂಟಲು ಸರಿಮಾಡಿ,
ಮೂವತ್ತು ಕುರ್ಚಿಯ ಹಾಲಿನ ನಡುವೆ ಕೂಗಿದರು:
ಬಲೂ...ತ್!
ಡ್ರಿಲ್ಲುಗಳು ನಿಂತವು. ಯಾರೋ ಚಪ್ಪಾಳೆ ತಟ್ಟಿದರು.
ಸಹಿ ಬಿತ್ತು.

ಈಗ ಬೋರ್ಡ್ ಪರೀಕ್ಷೆಗೆ ಓದುತ್ತಿದ್ದೇನೆ.
ಹನ್ನೊಂದಕ್ಕೆ ಕೂಗು ಏರಿ ಬರುತ್ತದೆ, ಬಾಲಸಹಿತ,
ಬಾಲದ ತುದಿಗೆ ಸಣ್ಣದೊಂದು ಸಿಳ್ಳೆ.
ಮುಂಬಲ್ಲು ಅರ್ಧ ಮಿಲಿಮೀಟರ್ ಆಚೆ ಇಟ್ಟೆನೆ?
ಕಟಿಗ್ಬಾಕರ ಕಿವಿಗೆ ಬೀಳದ್ದು
ಇಡೀ ಬೀದಿಗೆ ಕೇಳುತ್ತಿದೆ.
ಪಕ್ಕದ ಮಂಚದ ನೆನಿತಾ ಮಗ್ಗಲು ಬದಲಿಸಿ
'ಬಂದರು ನೋಡು ನಿನ್ನ ಕೇಸು' ಅನ್ನುತ್ತಾಳೆ.

ಇಳಿದು ಹೋಗಿ ಕೇಳಿದೆ: ಬನ್ನಿ, ಉಜ್ಜಿ ಸರಿಮಾಡುತ್ತೇನೆ.
'ಬೇಡ ಡಾಕ್' ಎಂದರು.
'ಮುಂದಿನ ಓಣಿಯಲ್ಲಿ ಇನ್ನೊಬ್ಬ ಬಲೂತಿನವನಿದ್ದಾನೆ.
ಈಗ ನಾನು ಯಾರೆಂದು ಜನಕ್ಕೆ ಗೊತ್ತಾಗುತ್ತದೆ.'
ಆಮೇಲೆ ಹಲ್ಲು ತೆಗೆದು ಅಂಗಿಜೇಬಿಗೆ ಹಾಕಿ,
ಬರಿಯ ದಿಣ್ಣೆಯಲ್ಲಿ, ನಿಧಾನಕ್ಕೆ,
ಒಂದು ಮೊಟ್ಟೆ ತಿಂದರು.