ಇಪ್ಪತ್ತೇಳನೇ ಬೆಸುಗೆ

ಸೈನ್‌ಶಾಂಡ್‌ನಾಚೆ, ಹಳಿ ಪಕ್ಕದ ಕಂದಕದಲ್ಲಿ
ಕೂದಲೆಳೆಯ ಗಾಜು ಬೆಸೆದವನು ನಾನು.
ಮೀಟರು ಹೇಳಿತು: ಇಲ್ಲೆಲ್ಲೋ ಬೆಳಕು ಸೋರುತ್ತಿದೆ.

ಉಲಾನ್‌ಬಾತರಿನಿಂದ ಫೋನು, ಮೂರನೇ ಸಲ:
"ನಾಳೆ ರೈಲು ಬಿಡಬೇಕು, ಸಹಿ ಹಾಕಿ."
ಮುಖ್ಯ ಎಂಜಿನಿಯರ್ ಸರನ್‌ಚಿಮೆಗ್
ಕೈಗವಸು ಕಳಚಿದಳು. ಪೆನ್ನಿಗೆಂದುಕೊಂಡೆ.
ಕೋಟಿನ ಗುಂಡಿ ಬಿಚ್ಚಿ
ಗಾಳಿಗಡ್ಡ ಹಿಡಿದಳು,
ನನ್ನ ಗಾಜಿನ ಮೇಲೆ ಗೋಬಿಯ ಮರಳು ಕೂರದಂತೆ.

"ತಪ್ಪು ಯಾರದು?" ಕೇಳಿತು ಫೋನು.
"ನನ್ನದು. ಬರೆದುಕೊಳ್ಳಿ."

ಕತ್ತರಿಸಿದೆ. ಬೆಸೆದೆ. ಕೈ ನಡುಗಿತು, ಮತ್ತೆ ಕತ್ತರಿಸಿದೆ.
ನಸುಕಿಗೆ ಯಾರೋ ಚಾಲಕ ರೇಡಿಯೋದಲ್ಲಿ ಕೆಮ್ಮಿದ,
ನೂರು ಕಿಲೋಮೀಟರಾಚೆ,
ಪಕ್ಕದಲ್ಲೇ ಕೂತಂತೆ.

ಫ್ಲಾಸ್ಕಿನ ಉಪ್ಪು ಚಹಾ
ಮೊದಲು ನನಗೆ ಸುರಿದಳು.
ಆಮೇಲೆ ಹಾಕಿದ ಸಹಿ
ತೀರಾ ಸೊಟ್ಟ;
ಬೆರಳು ಇನ್ನೂ ಮರಗಟ್ಟಿದ್ದವು.