ನೋವಾದರೆ ಎಡಗೈ ಎತ್ತಿ

ಕೂರಿ ಐತಪ್ಪಣ್ಣ. ರಿಸೆಪ್ಶನ್ನಿನ ಹುಡುಗಿ
'ಮಿಸ್ಟರ್ ಆಯಿಟಾಪಾ' ಎಂದು ಕೂಗಿದ್ದು ನಿಮ್ಮನ್ನೇ.
ಬೂಟು ಬಿಚ್ಚಬೇಕಿಲ್ಲ, ಹಾಗೇ ಕಾಲು ಚಾಚಿ.
ಫಹಾಹೀಲಿನ ಈ ಎರಡನೇ ಮಹಡಿಯಲ್ಲಿ
ಯಾವ್ಯಾವ ಸೈಟಿನ ಮರಳು ಈ ಕುರ್ಚಿಯ ತುದಿಗೆ ಉದುರಿಲ್ಲ!

ಡಾಕ್ಟರು ಅಲೆಕ್ಸಾಂಡ್ರಿಯದವರು. ಒಳ್ಳೆಯವರೇ.
ಅವರ ಇಂಗ್ಲಿಷು ನಿಮಗೆ, ನಿಮ್ಮ ಹಿಂದಿ ಅವರಿಗೆ
ಹತ್ತುವುದಿಲ್ಲ. ನಡುವೆ ನಾನು,
ಕಿರೆಂನ ಪ್ರೆಸಿಲ್ಲಾ, ಕೈಯಲ್ಲಿ ಎಂಜಲು ಹೀರುವ ನಳಿಗೆ,
ಬಾಯಲ್ಲಿ ನಾಲ್ಕು ಭಾಷೆ.

ಯಾವಾಗಿನಿಂದ ನೋವು, ಕೇಳುತ್ತಿದ್ದಾರೆ.
ಎರಡು ರಂಜಾನ್ ಕಳೆಯಿತು ಅನ್ನುತ್ತೀರಿ.
ಲವಂಗ ಇಟ್ಟೆ, ಉಪ್ಪುನೀರು,
ರೂಮಿನ ಫಿಲಿಪಿನೊ ಕೊಟ್ಟ ಹಸಿರು ಎಣ್ಣೆ,
ಪನಡಾಲ್ ಅಂತೂ ಸೈಟಿನಲ್ಲಿ ಕೇಳಿದಷ್ಟು.
'ಟೂ ಮಂತ್ಸ್' ಎಂದೆ ನಾನು ಅವರಿಗೆ,
ಬೈಗುಳ ಒಂದಾದರೂ ಕಡಿಮೆಯಾಗಲಿ.

ಕಿತ್ತುಬಿಡಿ ಅಂತೀರಿ. ಗೊತ್ತು,
ಕಿತ್ತರೆ ಐದು ದಿನಾರು, ಉಳಿಸಿದರೆ ಅರವತ್ತು,
ಮೇಲಿನ ಟೋಪಿಗೆ ಬೇರೆ. ಇನ್ಶೂರೆನ್ಸಿನವರ ಪ್ರಕಾರ
ಟೋಪಿ ಅಲಂಕಾರ.
ಟೋಪಿ ಅಂದಾಗ ನಕ್ಕಿರಿ, ಕಂಡಿತು,
ನಿಮ್ಮ ಏಜೆಂಟನ ನೆನಪಾಗಿರಬೇಕು.
ಆದರೂ ಕೀಳಿಸಬೇಡಿ. ಅಗಿಯುವ ಹಲ್ಲು ಅದು.

ಈಗ ಕೇಳಿ. ಮೊದಲು ಒಸಡಿಗೆ ಸೂಜಿ.
ಇರುವೆ ಕಚ್ಚಿದ ಹಾಗೆ ಅಂತ ಎಲ್ಲರಿಗೂ ಹೇಳುತ್ತೇನೆ,
ನಿಮಗೆ ಸುಳ್ಳು ಬೇಡ: ಕೆಂಪು ಚಗಳಿ.
ಆಮೇಲೆ ಅರ್ಧ ತುಟಿ
ಪಕ್ಕದ ಮನೆಯವರದ್ದಾಗುತ್ತದೆ.
ಹಸಿರು ರಬ್ಬರಿನ ಹಾಳೆ ಕಟ್ಟುತ್ತೇವೆ,
ಬಾಯಿ ಒಳಗೆ, ಹಲ್ಲೊಂದೇ ಹೊರಗೆ.
ಡ್ರಿಲ್ಲಿನ ಸದ್ದು ನಿಮಗೇನು ಹೊಸತೆ,
ತಲೆಯೊಳಗಿಂದ ಕೇಳುತ್ತದೆ, ಅಷ್ಟೇ.
ಕೂದಲಿನಷ್ಟು ಸಪೂರದ ಅರಗಳು ಒಂದಾದ ಮೇಲೊಂದು,
ಬಿಳಿ, ಹಳದಿ, ಕೆಂಪು, ನೀಲಿ ಹಿಡಿಕೆ.
ಬೇರಿನ ತುದಿ ಮುಟ್ಟಿದಾಗ ಯಂತ್ರ ಕೂಗುತ್ತದೆ,
ಕ್ಯಾಂಪಿನ ಬಸ್ಸು ಹಿಂದೆ ಬರುವಾಗಿನಂತೆ.
ಹತ್ತೊಂಬತ್ತೂವರೆ, ಇಪ್ಪತ್ತು, ಇಪ್ಪತ್ತೊಂದು:
ಮೂರು ದಾರಿ, ಮಿಲಿಮೀಟರಿನಲ್ಲಿ, ನಾನು ಬರೆದುಕೊಳ್ಳುತ್ತೇನೆ.
ಬಚ್ಚಲು ತಿಕ್ಕುವ ನೀರಿನ ಘಾಟು ಬಂದರೆ
ಅದು ಮದ್ದು. ನುಂಗಬೇಡಿ.

ನಡುವೆ ನೋವಾದರೆ ಎಡಗೈ ಎತ್ತಿ.
ಮಾತು ಬೇಡ, ತಲೆ ಅಲ್ಲಾಡಿಸಬೇಡಿ.
ಬಲಗೈ ಬೇಡ, ಅಲ್ಲಿ ಡಾಕ್ಟರ ಮೊಣಕೈ.

ಮೊದಲ ದಿನ ನೀವು ಎತ್ತಲಿಲ್ಲ.
ಸೂಜಿ ಪೂರ್ತಿ ಹಿಡಿದಿರಲಿಲ್ಲ,
ಬೆಲ್ಟು ಹಿಡಿದ ಬೆರಳು ಬಿಳಿಚಿದ್ದು ನೋಡಿದೆ.
ಮುಗಿದ ಮೇಲೆ ಹತ್ತಿಯಲ್ಲಿ ನರ ತೋರಿಸಿದೆ,
ಒದ್ದೆ ನೂಲಿನ ಚೂರು.
'ಇಷ್ಟೇನಾ?' ಎಂದಿರಿ, ಅರ್ಧ ತುಟಿಯಲ್ಲಿ.

ಎರಡನೇ ಸಲ ರಾತ್ರಿಪಾಳಿ ಮುಗಿಸಿ ನೇರ ಬಂದಿರಿ,
ಬಾಯಿ ತೆರೆದುಕೊಂಡೇ ನಿದ್ದೆ.
ಅರದ ಕೆಳಗೆ ಗೊರಕೆ ಕೇಳಿದ್ದು
ಇಪ್ಪತ್ತು ವರ್ಷಕ್ಕೆ ಇದೇ ಮೊದಲು ಅಂದರು ಡಾಕ್ಟರು.

ಮೂರನೆಯದು ಮುಚ್ಚುವ ದಿನ.
ಗುಲಾಬಿ ಬಣ್ಣದ ರಬ್ಬರು ಕಡ್ಡಿ, ಬಿಸಿಮಾಡಿ ತುಂಬುವುದು.
ನೋಯುವುದಕ್ಕೆ ಒಳಗೆ ಯಾರೂ ಉಳಿದಿಲ್ಲ.
ಆಗ ನಿಮ್ಮ ಎಡಗೈ ಮೇಲೆ ಬಂತು,
ಕ್ರೇನಿಗೆ ಸನ್ನೆ ಕೊಟ್ಟು ಪಳಗಿದ ಕೈ, ನೇರ,
ಐದೂ ಬೆರಳು ಬಿಡಿಸಿ.

ಡಾಕ್ಟರು ನಿಂತರು. ನನ್ನ ನಳಿಗೆ ನಿಂತಿತು.
ಕೋಣೆಯಲ್ಲಿ ಏಸಿಯೊಂದೇ.
ನೋವಾ ಐತಪ್ಪಣ್ಣ?
ರಬ್ಬರಿನ ಅಂಚಿನಿಂದ ತೊದಲಿದಿರಿ,
'ಇಲ್ಲಕ್ಕ. ಎತ್ತಿದರೆ ನಿಲ್ಲಿಸ್ತಾರಾ ಅಂತ ನೋಡಿದೆ.'

ಏನಂತೆ, ಎಂದು ಡಾಕ್ಟರು ನನ್ನತ್ತ ತಿರುಗಿದರು.
'ಹಿ ನೀಡ್ಸ್ ಎ ಮಿನಿಟ್' ಎಂದೆ.
ಸರಿ ಎಂದು ಕೈಗವಸು ಬಿಚ್ಚಿ,
ನಿಧಾನಕ್ಕೆ ಹೊಸತು ತೊಟ್ಟುಕೊಂಡರು.
ನಿಮ್ಮ ಕೈ ಇನ್ನೂ ಮೇಲೇ ಇತ್ತು.